ಎಡನಾಲೆ, ಬಲನಾಲೆ ಮತ್ತು ನಡುವಿನ ಚೆಂಡು

ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ನಾನು ಮಾರಿಕಣಿವೆಯಲ್ಲಿ ಓವರ್‌ಸಿಯರ್ ಆಗಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ಅಣೆಕಟ್ಟೆಯ ನೀರಿನ ಮಟ್ಟ ತೋರಿಸುವ ಗೇಜು ಓದುವುದು, ಆಮೇಲೆ ಸ್ನಾನ, ಆಮೇಲೆ ತಿಂಡಿ, ಆಮೇಲೆ ನಾಲೆಗಳ ಸುತ್ತು. ದುರ್ಗದ ಒಂದು ಉಚಿತ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ತಟ್ಟೆ ತೊಳೆದು ಬೋರಲು ಹಾಕಬೇಕು. ಆ ಗಂಟೆ ಎಂದೋ ನಿಂತುಹೋಗಿದೆ, ನಾನು ಇಂದಿಗೂ ಚಪ್ಪಲಿಯನ್ನು ಜೋಡಿಯಾಗಿಯೇ ಬಿಡುತ್ತೇನೆ. ಅಂಥವನ ಕೈಗೆ ನಮ್ಮ ದೊಡ್ಡ ಸಾಹೇಬರು ಒಂದು ಫುಟ್‌ಬಾಲ್ ತಂಡವನ್ನು ಒಪ್ಪಿಸಿದರು.

ಸಾಹೇಬರು ಬೆಂಗಳೂರಿನಿಂದ ದುರ್ಗಕ್ಕೆ ವರ್ಗವಾಗಿ ಬಂದವರು. ನಮ್ಮ ಕಡೆ ಕಬಡ್ಡಿ ಇತ್ತು, ವಾಲಿಬಾಲ್ ಇತ್ತು, ಫುಟ್‌ಬಾಲನ್ನು ಮಾತ್ರ ಆಡುವವರಿರಲಿ ನೋಡಿದವರೇ ಕಡಿಮೆ. ಅವರಿಗೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ. ದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ನಾವು, ಹೀಗೆ ನಾಲ್ಕು ತಂಡ ಕಟ್ಟಿಸಿ, ಎಲ್ಲರೂ ಎಲ್ಲರ ಜೊತೆ ಒಂದೊಂದು ಪಂದ್ಯ ಆಡಬೇಕೆಂದು ಗೊತ್ತುಮಾಡಿದರು. ನಮಗೊಂದು ತೊಗಲಿನ ಚೆಂಡು ಬಂತು.

ತಂಡದಲ್ಲಿ ಮೂವರ ವಿಚಾರ ಇಲ್ಲಿ ಹೇಳಿದರೆ ಸಾಕು. ಒಬ್ಬ ಎಡನಾಲೆಯ ನೀರುಗಂಟಿ, ಎಂದರೆ ತೂಬು ಎತ್ತಿ ಇಳಿಸಿ ಹೊಲಗಳಿಗೆ ಸರದಿಯ ನೀರು ಬಿಡುವವನು. ಎತ್ತರದ ಆಳು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. ಇನ್ನೊಬ್ಬ ಬಲನಾಲೆಯ ನೀರುಗಂಟಿ, ಕುಳ್ಳ, ಚುರುಕು, ಮಾತಿಗೆ ಮುಂಚೆ ನಗುವವನು. ಇವರಿಬ್ಬರೂ ನಮ್ಮ ಗೋಲಿನ ಮುಂದೆ ಎಡಕ್ಕೊಬ್ಬ ಬಲಕ್ಕೊಬ್ಬ ನಿಲ್ಲುತ್ತಿದ್ದರು. ಮೂರನೆಯವನು ಗೋಲ್ ಕಾಯುವವನು. ಕುರಿ ಸಾಕುವ ಮನೆಯವನು, ಅಣೆಕಟ್ಟೆಯ ತೋಟದಲ್ಲಿ ದಿನಗೂಲಿಯ ಮೇಲಿದ್ದ. ಉಣ್ಣೆ ಕತ್ತರಿಸುವಾಗ ಕೊಸರಿ ಓಡುವ ಟಗರುಗಳನ್ನು ಹಿಡಿದು ಪಳಗಿದ ಕೈ. ಚೆಂಡು ಎಲ್ಲಿಂದ ಬಂದರೂ ಅವನ ಎದೆಗೆ ಬಂದು ಅಂಟಿಕೊಳ್ಳುತ್ತಿತ್ತು.

ಮೊದಲ ದಿನ ನೋಡಿದ ಸಾಹೇಬರು ನಕ್ಕರು. "ಏನಪ್ಪ, ಕುರಿ ಹಿಡಿದ ಹಾಗೆ ಹಿಡೀತೀಯಲ್ಲ?"

"ಕುರಿ ಒದೀತೈತೆ ಸ್ವಾಮಿ. ಇದು ಪಾಪ, ಒದಿಸ್ಕಂಡು ಬರತೈತೆ," ಎಂದ ಅವನು.

ಸಾಹೇಬರಿಗೆ ಮಾತು ಹಿಡಿಸಿತು. ಅಲ್ಲೇ, ಎಲ್ಲರ ಎದುರಿಗೆ, "ಮೂರು ಪಂದ್ಯದಲ್ಲೂ ಒಂದು ಗೋಲೂ ಬಿಡಬೇಡ. ಗೇಟಿನ ಕಾವಲುಗಾರನ ಜಾಗ ಖಾಲಿ ಇದೆ, ನಿನ್ನನ್ನು ಕಾಯಂ ಮಾಡ್ತೀನಿ," ಎಂದು ಹೇಳಿ ಜೀಪು ಹತ್ತಿದರು.

ಅವರಿಗೆ ಅದು ಹುರುಪಿನ ಮಾತು. ಇವನಿಗೆ ಮನೆಯ ಮಾತು. ತೋಟದ ಕೆಲಸ ಮುಗಿಯುತ್ತ ಬಂದಿತ್ತು, ದಿನಗೂಲಿಯವರನ್ನು ಬೇಸಿಗೆಗೆ ಮೊದಲೇ ಬಿಡಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಬಿಡಿಸಿದರೆ ಅಣೆಕಟ್ಟೆಯ ಕ್ಯಾಂಪಿನಲ್ಲಿ ಕೊಟ್ಟಿದ್ದ ಕೋಣೆಯೂ ಹೋಗುತ್ತದೆ. ಹೋದರೆ ಅಣ್ಣಂದಿರ ಹಿಂಡಿನ ಹಿಂದೆ ಊರೂರು ತಿರುಗಬೇಕು, ಹೆಂಡತಿ ಮಗಳನ್ನೂ ಕಟ್ಟಿಕೊಂಡು. ಮಗಳು ಕ್ಯಾಂಪಿನ ಶಾಲೆಯಲ್ಲಿ ಎರಡನೇ ತರಗತಿಯಲ್ಲಿದ್ದಳು. ಅವರ ಮನೆತನದಲ್ಲಿ ಬಳಪ ಹಿಡಿದ ಮೊದಲ ಕೈ ಅದು.

"ನಂಗೇನೂ ದೊಡ್ಡ ಆಸೆ ಇಲ್ರೀ," ಎಂದಿದ್ದ ಒಮ್ಮೆ. "ಒಂದು ಕಡೆ ನಿಲ್ಲಬೇಕು ಅಷ್ಟೆ. ಆ ಕೂಸು ಹೋದ್ ವರ್ಷದ ಬೆಂಚಿನ ಮ್ಯಾಲೇ ಈ ವರ್ಷಾನೂ ಕುಂತ್ಕಂಡರೆ ಸಾಕು."

"ಅದೇ ಬೆಂಚಿನ ಮೇಲೆ ಕೂತರೆ ಫೇಲಾದ ಹಾಗಲ್ಲವೋ?" ಎಂದೆ.

"ಆಗ್ಲಿ ಬಿಡ್ರಿ, ಶಾಲೆ ಒಳಗೇ ಇರತಾಳಲ್ಲ," ಎಂದು ನಕ್ಕ.

ಆಟ ಕಲಿಸುವ ಮೊದಲ ಭಾನುವಾರ ನಾನು ಸುಲಭದ ದಾರಿ ಹಿಡಿದೆ. ಎದುರು ಪಾಳಯದ ಒಬ್ಬೊಬ್ಬನಿಗೆ ನಮ್ಮವನೊಬ್ಬ ಅಂಟಿಕೊಳ್ಳಬೇಕು, ಅವನು ಹೋದಲ್ಲಿ ಹೋಗಬೇಕು, ಅವನಿಗೆ ಚೆಂಡು ಸಿಗದಂತೆ ನೋಡಿಕೊಳ್ಳಬೇಕು. ಎದುರಾಳಿಗಳಾಗಿ ಆಡಿದವರು ತೋಟದ ಆಳುಗಳು ಮತ್ತು ಕ್ಯಾಂಟೀನಿನ ಅಡುಗೆಯವನು. ಎಡನಾಲೆಯವನಿಗೆ ಅಡುಗೆಯವನ ಪಾಲು ಬಂತು. ಆಟದ ಮಧ್ಯೆ ಅಡುಗೆಯವನು ಹುಣಸೆಮರದ ಹಿಂದೆ ಹೋದ, ಎಡನಾಲೆಯವನೂ ಹಿಂದೆಯೇ ಹೋದ.

"ಲೇ, ಉಚ್ಚೆ ಹೊಯ್ಯಾಕೂ ಬಿಡಲ್ವೇನೋ?" ಎಂದು ಮರದ ಹಿಂದಿನಿಂದ ಕೂಗು ಕೇಳಿತು.

"ಹೊಯ್ಯಪ್ಪ, ನಾನೇನ್ ಅಡ್ಡ ಬಂದ್ನಾ? ಬಿಡಬ್ಯಾಡ ಅಂತ ಓವರ್‌ಸಿಯರ್ ಸಾಹೇಬ್ರು ಹೇಳ್ಯಾರೆ."

ಅಷ್ಟರಲ್ಲಿ ಎಡಗಡೆ ಬಯಲಾಗಿ, ತೋಟದವರು ಎರಡು ಗೋಲು ಹೊಡೆದಿದ್ದರು. ಅದೇ ಸಂಜೆ ಚೆಂಡು ಜಾಲಿಮುಳ್ಳಿಗೆ ಸಿಕ್ಕಿ ಉಸಿರು ಬಿಟ್ಟಿತು. ಒಳಗಿನ ರಬ್ಬರ್ ಬ್ಲಾಡರ್ ದುರ್ಗದಿಂದ ಬರಬೇಕು. ಚೆಂಡಿಲ್ಲದೆ ಕೂರುವುದು ನನಗಾಗದ ಕೆಲಸ. ಹಾಗಾಗಿ ಹಲಗೆಯ ಆಟ ಹುಟ್ಟಿತು.

ನಕ್ಷೆ ಬರೆಯುವ ಹಳೆಯ ಡ್ರಾಯಿಂಗ್ ಬೋರ್ಡಿಗೆ ಕಚೇರಿಯ ಮೇಜಿನಿಂದ ತೆಗೆದುಹಾಕಿದ್ದ ಹಸಿರು ಬಟ್ಟೆ ಬಿಗಿದು, ಸುಣ್ಣದಲ್ಲಿ ಮೈದಾನದ ಗೆರೆ ಎಳೆದೆ. ಸೋಡಾ ಬಾಟಲಿಯ ತಗಡಿನ ಮುಚ್ಚಳಗಳೇ ಆಟಗಾರರು. ಕೆಂಪು ಬಣ್ಣ ಬಳಿದವು ನಮ್ಮವು, ಬಳಿಯದವು ಎದುರಿನವರವು. ಚೆಂಡು ಒಂದು ಗುಲಗಂಜಿ. ಚೆಂಡು ಹಿಡಿದ ಕಡೆಯವನು ಯಾವ ಮುಚ್ಚಳದಿಂದ ಯಾವ ಮುಚ್ಚಳಕ್ಕೆ ಕೊಡುತ್ತೇನೆಂದು ಬೆರಳಿಟ್ಟು ತೋರಿಸಬೇಕು. ಕಾಯುವ ಕಡೆಯ ಪ್ರತಿ ಮುಚ್ಚಳದ ಸುತ್ತ ನಾನು ಕೈವಾರದಲ್ಲಿ ಸೀಮೆಸುಣ್ಣದ ಒಂದು ವೃತ್ತ ಎಳೆದಿರುತ್ತಿದ್ದೆ. ಅದು ಅವನ ಕಾವಲು. ಚೆಂಡಿನ ದಾರಿ ಆ ವೃತ್ತವನ್ನು ಹಾದುಹೋದರೆ ಅವನು ಕವಡೆ ಬಿಡಬಹುದು. ಹೆಚ್ಚು ಕವಡೆ ಅಂಗಾತ ಬಿದ್ದರೆ ಚೆಂಡು ಅವನದು, ಕವುಚಿ ಬಿದ್ದರೆ ಚೆಂಡು ಮುಂದಕ್ಕೆ.

ಸಂಜೆ ಕ್ಯಾಂಟೀನಿನ ಜಗುಲಿಯಲ್ಲಿ ನಾನು ಕೆಂಪು ಮುಚ್ಚಳ, ಗೋಲ್ ಕಾಯುವವನು ಬಣ್ಣ ಬಳಿಯದ ಮುಚ್ಚಳ. ಎದುರಿನವನಾಗಿ ಆಡಿದರೆ ಚೆಂಡು ಎಲ್ಲಿಂದ ಬರುತ್ತದೆಂದು ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕ. ಮೊದಲು ಆಳಿಗೆ ಆಳು ಅಂಟಿಸಿ ಆಡಿದೆ. ಅವನು ಎರಡು ಮುಚ್ಚಳವನ್ನು ಬೇಕೆಂದೇ ಮೂಲೆಗೆ ಓಡಿಸಿ, ನನ್ನ ಎರಡನ್ನೂ ಅಲ್ಲಿಗೆ ಎಳೆದು, ನಡುವೆ ಹಾದಿ ಮಾಡಿಕೊಂಡು ಗೋಲು ಹೊಡೆಯುತ್ತಿದ್ದ. ಆಮೇಲೆ ನಾನು ಆಳನ್ನು ಬಿಟ್ಟು ಜಾಗ ಹಿಡಿದೆ. ಯಾರು ಬಂದರೂ ಸರಿ, ನಿನ್ನ ವೃತ್ತದೊಳಗೆ ಬಂದದ್ದು ನಿನ್ನದು. ಗೋಲಿನ ಮುಂದಿನ ಎರಡು ವೃತ್ತಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಎಳೆದೆ. ಆ ಹತ್ತಿದ ಜಾಗದಲ್ಲಿ ಚೆಂಡು ಬಂದರೆ ಇಬ್ಬರೂ ಕವಡೆ ಬಿಡಬಹುದು. ಎರಡು ಕಾವಲು. ಅಲ್ಲಿಂದಾಚೆಗೆ ಅವನಿಂದ ಗೋಲು ಹೊಡೆಯಲಾಗಲಿಲ್ಲ.

"ಇಲ್ಲಿ ಇರುವೆನೂ ನುಗ್ಗಾಕಿಲ್ಲ ಬಿಡ್ರಿ," ಎಂದು ಆ ಹತ್ತಿದ ಜಾಗವನ್ನು ಬೆರಳಿನಿಂದ ಸವರಿದ. ಅವನ ಮುಖದಲ್ಲಿ ಆ ಹೊತ್ತು ಇದ್ದ ನೆಮ್ಮದಿಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಚೆಂಡು ರಿಪೇರಿಯಾಗಿ ಬಂತು. ಹಲಗೆಯ ವೃತ್ತಗಳನ್ನೇ ಮೈದಾನದ ಮೇಲೂ ಗುರುತು ಮಾಡಿಕೊಟ್ಟೆ. ನೀರುಗಂಟಿಗಳಿಗೆ ಜಾಗ ಕಾಯುವುದನ್ನು ನಾನು ಕಲಿಸಬೇಕಾಗಿಯೇ ಇರಲಿಲ್ಲ. ಅವರ ಕಸುಬೇ ಅದು. ತನ್ನ ತೂಬು, ತನ್ನ ಹದ್ದು, ತನ್ನ ನೀರು. ಅವರ ವೃತ್ತದೊಳಗೆ ಬಂದ ಚೆಂಡು ಒಂದೂ ದಾಟುತ್ತಿರಲಿಲ್ಲ. ಆದರೆ ಚೆಂಡು ನಡುವೆ, ಎರಡು ವೃತ್ತ ಹತ್ತಿದ ಜಾಗಕ್ಕೆ ಬಂದಾಗ ಇಬ್ಬರೂ ನಿಂತುಬಿಟ್ಟರು. ಕುಳ್ಳ ಬಲನಾಲೆಯವನು ಹಿರಿಯನತ್ತ ತಿರುಗಿ, "ಹಾಕ್ಲೇನಣ್ಣ?" ಎಂದು ಕೇಳಿದ. ಎಡನಾಲೆಯವನು "ಹಾಕು" ಎನ್ನುವಷ್ಟರಲ್ಲಿ ಚೆಂಡು ಗೋಲಿನಲ್ಲಿತ್ತು.

ಇದನ್ನು ಸ್ವಲ್ಪ ವಿವರಿಸಬೇಕು. ಎಡನಾಲೆ ಮತ್ತು ಬಲನಾಲೆಯ ಬಾಗಿಲುಗಳು ಹೊಳೆಯ ಒಡ್ಡಿನ ಹತ್ತಿರ ಎದುರುಬದುರಾಗಿವೆ. ಒಂದನ್ನು ಎತ್ತಿದರೆ ಇನ್ನೊಂದರ ನೀರು ತಗ್ಗುತ್ತದೆ. ಹಿಂದೆಂದೋ ಒಬ್ಬ ಇನ್ನೊಬ್ಬನ ಬಾಗಿಲಿಗೆ ಕೇಳದೆ ಕೈಹಾಕಿ, ಎರಡೂ ಕಡೆಯ ರೈತರು ದೊಣ್ಣೆ ಹಿಡಿದು ನಿಂತಿದ್ದರಂತೆ. ಅಂದಿನಿಂದ ಕಟ್ಟಳೆ ಬಂದಿತ್ತು. ಇಬ್ಬರಿಗೂ ಸಂಬಂಧಪಟ್ಟ ನೀರನ್ನು ಮುಟ್ಟುವ ಮೊದಲು ಆಚೆಯವನನ್ನು "ಕೈ ಹಾಕ್ಲಾ?" ಎಂದು ಕೂಗಿ ಕೇಳಬೇಕು, "ಹಾಕು" ಎಂಬ ಉತ್ತರ ಕಿವಿಗೆ ಬಿದ್ದ ಮೇಲೆಯೇ ಕೈಹಾಕಬೇಕು. ನೀರಿನ ಸದ್ದಿಗೆ ಉತ್ತರ ಕೇಳದಿದ್ದರೆ ಕಾಯಬೇಕು. ಕಾದರೆ ನೀರು ಎಲ್ಲಿಗೂ ಹೋಗುವುದಿಲ್ಲ. ಇದು ಅವರಪ್ಪಂದಿರ ಕಾಲದಿಂದ ಅವರ ಮೈಗೆ ಹತ್ತಿದ ನಡತೆ.

ನಾನು ಬಲನಾಲೆಯವನಿಗೆ, "ನಡುವಿನ ಚೆಂಡು ನಿನ್ನದು, ಕೇಳಬೇಡ," ಎಂದೆ.

"ದೊಡ್ಡೋರು ಪಕ್ಕದಾಗೆ ನಿಂತಿರುವಾಗ ನಾನು ಹೆಂಗ್ರೀ ಕಾಲು ಚಾಚಲಿ?"

ಎಡನಾಲೆಯವನಿಗೆ ಹೇಳಿದೆ. "ಅವನ ಹದ್ದಿಗೆ ನಾನ್ಯಾಕೆ ನುಗ್ಗಲಿ ಸಾಹೇಬ್ರೆ? ಇವತ್ತು ಚೆಂಡು ಅಂತೀರಿ, ನಾಳೆ ನೀರಿನ ತಾವ ಮಾತು ಬರತೈತೆ."

ವೃತ್ತಗಳನ್ನು ಬೇರೆ ಬೇರೆ ಮಾಡಿ, ನಡುವೆ ಒಂದು ಗೆರೆ ಎಳೆದು ಭಾಗ ಮಾಡಿಕೊಟ್ಟೆ. ಚೆಂಡು ಗೆರೆಯ ಮೇಲೆಯೇ ಬಂತು. ಬೇರೆಯವರನ್ನು ಅಲ್ಲಿ ನಿಲ್ಲಿಸಿದೆ. ಅವರಿಗೆ ಜಾಗವೂ ಗೊತ್ತಾಗಲಿಲ್ಲ, ಚೆಂಡೂ ಸಿಗಲಿಲ್ಲ. ಕೊನೆಗೆ ಇವರ ಪದ್ಧತಿಯನ್ನೇ ಬೇಗ ಮಾಡಿಸುವುದೆಂದು ನಿಶ್ಚಯಿಸಿದೆ. ಎದುರಿನವನ ಕಾಲಿನಿಂದ ಚೆಂಡು ಬಿಟ್ಟ ತಕ್ಷಣ "ಹಾಕ್ಲಾ?", ಆ ಉಸಿರಿನಲ್ಲೇ "ಹಾಕು". ದಿನಾ ಸಂಜೆ ಇದೇ ಅಭ್ಯಾಸ. ಹಾಸ್ಟೆಲಿನಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಕೆಲವೇ ವಾರಗಳಲ್ಲಿ ಪ್ರಶ್ನೆ ಉತ್ತರಗಳ ನಡುವೆ ಕೂದಲು ಹಿಡಿಯುವಷ್ಟೂ ಜಾಗ ಉಳಿಯಲಿಲ್ಲ. ಗೋಲ್ ಕಾಯುವವನ ಮಗಳು ಮೈದಾನದ ಅಂಚಿನಲ್ಲಿ ಕೂತು "ಹಾಕ್ಲಾ, ಹಾಕು" ಎಂದು ತಾನೂ ಹಾಡುತ್ತಿದ್ದಳು.

ಹೊಸದುರ್ಗದವರು ಮಾರಿಕಣಿವೆಗೆ ಬಂದರು, ಗೋಲಿಲ್ಲದೆ ಹೋದರು. ನಾವು ಹೊಳಲ್ಕೆರೆಗೆ ಹೋದೆವು. ಅಲ್ಲಿ ಬಿ.ದುರ್ಗ ಎಂಬ ಹತ್ತಿರದ ಹಳ್ಳಿಯ ಕಡೆಯ ಒಬ್ಬ ರೈತ ಗೂಳಿಯ ಹಾಗೆ ನುಗ್ಗುತ್ತಿದ್ದ. ನಮ್ಮವರು "ಹಾಕ್ಲಾ", "ಹಾಕು" ಎನ್ನುತ್ತ ಅವನ ಕಾಲಿನಿಂದ ಮತ್ತೆ ಮತ್ತೆ ಚೆಂಡು ಕಿತ್ತುಕೊಂಡರು.

"ಏನ್ರಲೇ, ಫುಟ್‌ಬಾಲ್ ಆಡಾಕ್ ಬಂದೀರೋ, ಊಟಕ್ಕೆ ಬಡಿಸಾಕ್ ಬಂದೀರೋ?" ಎಂದು ಅವನು ಬೈದದ್ದಕ್ಕೆ ಅವನ ಕಡೆಯವರೇ ನಕ್ಕರು. ಅಲ್ಲಿಯೂ ಗೋಲಾಗಲಿಲ್ಲ. ಲಾರಿಯಲ್ಲಿ ವಾಪಸು ಬರುವಾಗ ಗೋಲ್ ಕಾಯುವವನು ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೂತಿದ್ದ, ಏನನ್ನೋ ಚೆಲ್ಲದಂತೆ ಒಯ್ಯುವವನ ಹಾಗೆ.

ಕೊನೆಯ ಪಂದ್ಯ ದುರ್ಗದಲ್ಲಿ. ಮಧ್ಯಾಹ್ನ ಹೋಗಿ ನೋಡಿದರೆ ಮೈದಾನದ ಸುತ್ತ ಜನವೋ ಜನ. ಬಂಡೆಗಳ ಮೇಲೂ ಜನ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಊರ ಹುಡುಗರು ತಮಟೆ ತಂದಿದ್ದರು, ಖಾಲಿ ಡಬ್ಬ ತಂದಿದ್ದರು. ಸಾಹೇಬರು ಶಾಮಿಯಾನದ ಕೆಳಗೆ ಕೂತಿದ್ದರು. ರೆಫರಿ ನನ್ನನ್ನು ಕರೆದು, "ಹೊರಗಿನಿಂದ ಕೂಗಿ ಏನೂ ಹೇಳಿಕೊಡುವ ಹಾಗಿಲ್ಲ," ಎಂದರು. ಸರಿ ಎಂದೆ. ನಿಯಮ ನಿಯಮವೇ.

ಸೀಟಿ ಊದಿದ ಕೂಡಲೇ ತಮಟೆ ಶುರುವಾಯಿತು. ಪಕ್ಕದಲ್ಲಿದ್ದ ಅಡುಗೆಯವನು ಏನೋ ಹೇಳಿದ, ನನಗೆ ಅವನ ತುಟಿ ಮಾತ್ರ ಕಂಡಿತು. ಇಷ್ಟು ದಿನ ನಾವು ಅಭ್ಯಾಸ ಮಾಡಿದ್ದು ನಿಶ್ಶಬ್ದ ಬಯಲಿನಲ್ಲಿ.

ಅರ್ಧ ಆಟದವರೆಗೆ ಚೆಂಡು ನಡುವೆ ಬರಲಿಲ್ಲ. ವಿರಾಮದಲ್ಲಿ ಹಲಗೆ ಬಿಚ್ಚಿ ಇಬ್ಬರನ್ನೂ ಕೂರಿಸಿಕೊಂಡೆ. "ಇಲ್ಲಿ ಬಂದರೆ ಉತ್ತರ ಕಾಯಬೇಡ. ಹೊಡೆದುಬಿಡು. ನಿನ್ನ ಕಾಲಿಗೆ ಬೀಳುತ್ತೇನೆ," ಎಂದೆ.

"ಅಯ್ಯೋ, ಬಿಡ್ತು ಅನ್ರಿ. ಹೊಡೀತೀನಿ," ಎಂದ ಬಲನಾಲೆಯವನು. ಮನಸ್ಸಿನಿಂದಲೇ ಹೇಳಿದ. ಎಡನಾಲೆಯವನೂ, "ಹೊಡಿ ತಮ್ಮಾ, ನಂದೇನೂ ತಕರಾರಿಲ್ಲ," ಎಂದು ಅವನ ಬೆನ್ನು ತಟ್ಟಿದ. ಗೋಲ್ ಕಾಯುವವನು ಹಲಗೆಯ ಮೇಲಿನ ಗುಲಗಂಜಿಯನ್ನೇ ನೋಡುತ್ತ ನಿಂತಿದ್ದ.

ಎರಡನೇ ಅರ್ಧದಲ್ಲಿ ದುರ್ಗದವರು ಬಿಡದೆ ನುಗ್ಗಿದರು. ಗೋಲ್ ಕಾಯುವವನು ಒಮ್ಮೆ ಬಲಕ್ಕೆ ಹಾರಿ ಹಿಡಿದ, ಒಮ್ಮೆ ಹೊಟ್ಟೆಯ ಮೇಲೆ ಬಿದ್ದು ತಡೆದ. ಶಾಮಿಯಾನದಲ್ಲಿ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊತ್ತು ಇಳಿಯುತ್ತಿತ್ತು. ಇನ್ನೇನು ಮುಗಿಯಿತು ಎಂದು ರೆಫರಿ ಗಡಿಯಾರ ನೋಡುತ್ತಿದ್ದಾಗ ಅವರ ಕಡೆಯವನೊಬ್ಬ ಅಷ್ಟು ದೂರದಿಂದ ಚೆಂಡನ್ನು ನೆಲದ ಮೇಲೆಯೇ, ಜೋರೂ ಇಲ್ಲದೆ, ನಮ್ಮ ಗೋಲಿನ ಕಡೆ ತಳ್ಳಿದ. ಅದು ಉರುಳುತ್ತ ಬಂದು ಸರಿಯಾಗಿ ಎರಡು ವೃತ್ತ ಹತ್ತಿದ ಜಾಗಕ್ಕೆ ಬಂತು. ಹಲಗೆಯ ಮೇಲೆ ನಾನು ಎಂದೂ ಸೋಲದ ಜಾಗ.

ಬಲನಾಲೆಯವನು ಚೆಂಡಿಗೆ ಒಂದು ಮಾರು ದೂರದಲ್ಲಿದ್ದ. ಕಾಲು ಎತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು. ಕತ್ತು ತಾನಾಗಿ ಎಡಕ್ಕೆ ತಿರುಗಿತು. ತುಟಿ ಅಲುಗಿದ್ದು ನನಗೆ ಕಂಡಿತು. ಎಡನಾಲೆಯವನ ತುಟಿಯೂ ಅಲುಗಿತು, ಅದೂ ಕಂಡಿತು. ತಮಟೆಯ ಸದ್ದಿನಲ್ಲಿ ಅದು ಬಲನಾಲೆಯವನಿಗೆ ಮುಟ್ಟಲಿಲ್ಲ. ಅವನು ಒಡ್ಡಿನ ಮೇಲೆ ನಿಂತ ಹಾಗೆ ನಿಂತ. ಕಾದ. ನಾನು ಗೆರೆಯ ಹೊರಗೆ ನಿಂತು ಅವನಿಗಾಗಿ ಕಾಲು ಎತ್ತಿದ್ದೆನೆಂದು ಅಡುಗೆಯವನು ಆಮೇಲೆ ಹೇಳಿದ.

ಅವರಿಬ್ಬರ ನಡುವಿನಿಂದ ಎದುರಿನ ಒಬ್ಬ ಹುಡುಗ ಓಡಿಬಂದು ಚೆಂಡಿಗೆ ಕಾಲು ಮುಟ್ಟಿಸಿದ. ಗೋಲ್ ಕಾಯುವವನು ಮುಂದೆ ಹಾರಿದ. ಬೆರಳ ತುದಿಗೆ ಚೆಂಡು ತಾಕಿದ್ದು ನಿಜ, ತಾಕಿ ಒಳಗೆ ಹೋಯಿತು.

ಪಂದ್ಯ ಮುಗಿದ ಮೇಲೆ ನಾನು ಹಲಗೆ ಹಿಡಿದು ನೇರ ಸಾಹೇಬರ ಜೀಪಿನ ಹತ್ತಿರ ಹೋದೆ. ಗೋಲ್ ಕಾಯುವವನು ಮೊಣಕೈಯ ಮಣ್ಣನ್ನೂ ಒರೆಸಿಕೊಳ್ಳದೆ ಸ್ವಲ್ಪ ದೂರದಲ್ಲಿ ನಿಂತ.

"ಸರ್, ಅವನ ತಪ್ಪಿಲ್ಲ, ತೋರಿಸುತ್ತೇನೆ," ಎಂದು ಹಲಗೆಯನ್ನು ಬಾನೆಟ್ಟಿನ ಮೇಲಿಟ್ಟು ಮುಚ್ಚಳ ಜೋಡಿಸಿದೆ. ವೃತ್ತ ಎಳೆದೆ. ಚೆಂಡು ಎಲ್ಲಿಂದ ಬಂತು, ಎಲ್ಲಿ ದಾಟಿತು, ಗೋಲಿನಲ್ಲಿದ್ದವನಿಗೆ ಯಾವ ದಾರಿಯೂ ಇರಲಿಲ್ಲ ಎಂಬುದನ್ನು ಕ್ರಮವಾಗಿ ಹೇಳಿದೆ. ಸಾಹೇಬರು ಬಗ್ಗಿ ನೋಡಿದರು. ಅವರ ಕಣ್ಣು ಅರಳಿತು.

"ಇದೇನ್ರೀ ಇದು? ಈ ವೃತ್ತ ಏನು? ಕವಡೆ ಯಾಕೆ?"

ವಿವರಿಸಿದೆ. "ಒಂದು ಕೈ ಆಡೋಣ ಇರಿ," ಎಂದರು. ಆಡಿದೆವು. ನಾನು ನಿಂತಲ್ಲೇ ಬೆವರುತ್ತ ಅದೇ ಮಾತನ್ನು ಮತ್ತೆ ಮತ್ತೆ ತರುತ್ತಿದ್ದೆ. ಅವರು ಕವಡೆ ಕುಲುಕುತ್ತಿದ್ದರು. ಆಳಿಗೆ ಆಳು ಕಾದು ನೋಡಿದರು, ಜಾಗ ಕಾದು ನೋಡಿದರು, ನನ್ನ ಮೇಲೆ ಒಂದು ಗೋಲು ಹೊಡೆದು ಮಗುವಿನ ಹಾಗೆ ನಕ್ಕರು. "ಭಲೇ ತಲೆ ಇದೆ ನಿಮಗೆ! ಇದನ್ನು ನಾನು ಒಯ್ತೀನಿ," ಎಂದು ಹಲಗೆಯನ್ನು ಡ್ರೈವರಿಗೆ ಕೊಟ್ಟರು.

"ಸರ್, ಗೋಲ್ ಕಾಯುವವನ ವಿಚಾರ..."

ಸಾಹೇಬರು ಅವನ ಕಡೆ ನೋಡಿದರು. ಒಳ್ಳೆಯ ಮನುಷ್ಯರು, ಒಳ್ಳೆಯ ದನಿಯಲ್ಲೇ ಹೇಳಿದರು. "ಚೆನ್ನಾಗಿ ಆಡಿದೆಯಪ್ಪ. ಆದರೆ ಗೋಲು ಬಿತ್ತಲ್ಲ." ಜೀಪು ಹೊರಟಿತು.

ವಾಪಸು ಬರುವ ಲಾರಿ ಐಮಂಗಲ ದಾಟಿತು. ಆಮೇಲೆ ಎಡನಾಲೆಯವನು ಕತ್ತಲಿಗೆ ಹೇಳುವ ಹಾಗೆ, "ನಾನು ಹಾಕು ಅಂದೆ," ಎಂದ.

"ನನ್ನ ಕಿವಿಗೆ ಬೀಳಲಿಲ್ಲಣ್ಣ."

"ಅಂದೆ ಕಣೋ, ಗಂಟಲು ಹರಿಯಂಗೆ ಅಂದೆ."

"ಅಂದಿದ್ದೀಯ. ನಂಗೆ ಕೇಳಲಿಲ್ಲ," ಎಂದು ಬಲನಾಲೆಯವನು ಅತ್ತುಬಿಟ್ಟ. ಯಾವಾಗಲೂ ನಗುತ್ತಿದ್ದವನು.

ಗೋಲ್ ಕಾಯುವವನೇ ಅವನಿಗೆ ಬೀಡಿ ಹಚ್ಚಿಕೊಟ್ಟ. "ಇಬ್ಬರದೂ ಸರಿ ಐತೆ ಬಿಡ್ರೋ. ನೀನು ಕೇಳಿದೆ, ಅವನು ಹೇಳಿದ. ಇನ್ನೇನ್ ಮಾಡ್ತೀರಿ?"

ನಾನು ಅವನಿಗಾಗಿ ಕಚೇರಿಗೆ ಬರೆದೆ, ಹೋಗಿ ನಿಂತೆ, ಇನ್ನೊಮ್ಮೆ ಹೋಗಿ ನಿಂತೆ. ಗೇಟಿನ ಜಾಗಕ್ಕೆ ಬೇರೊಬ್ಬ ಬಂದ. ಹಲಗೆಯ ಆಟ ಮಾತ್ರ ಸಾಹೇಬರ ಬಂಗಲೆಯಲ್ಲಿ ಬಲು ಮೆಚ್ಚುಗೆಯಾಗಿದೆ, ಬಂದ ಅತಿಥಿಗಳೆಲ್ಲ ಆಡುತ್ತಾರೆ ಎಂದು ಜೀಪಿನ ಡ್ರೈವರ್ ಸಂತೋಷದಿಂದ ತಿಳಿಸಿದ.

ದಿನಗೂಲಿಯವರನ್ನು ಬಿಡಿಸಿದ ಮರುದಿನ ಬೆಳಿಗ್ಗೆ, ನಾನು ಗೇಜಿನ ಕಡೆ ಹೊರಟಾಗ, ಗೋಲ್ ಕಾಯುವವನು ಕೋಣೆಯ ಬೀಗದ ಕೈ ಕೊಡಲು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಹಿಂದೆ ಹೆಂಡತಿಯ ತಲೆಯ ಮೇಲೆ ಗಂಟು. ಮಗಳ ಕೈಯಲ್ಲಿ ಸ್ಲೇಟು.

"ಆ ಹಲಗೆ ಐತೇನ್ರಿ? ಒಂದ್ಸಲ ನೋಡಾಣ ಅಂತ."

"ಸಾಹೇಬರ ಹತ್ತಿರವೇ ಇದೆ."

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ದೂಳಿನ ಮೇಲೆ ಗೋಲಿನ ಗೆರೆ ಎಳೆದ. ಎರಡು ವೃತ್ತ ಎಳೆದ, ಒಂದರ ಮೇಲೊಂದು ಹತ್ತುವ ಹಾಗೆ, ಕೈವಾರದಲ್ಲಿ ನಾನು ಎಳೆದದ್ದಕ್ಕೇನೂ ಕಡಿಮೆಯಿಲ್ಲ. ಗೋಲಿನ ಮುಂದೆ ಒಂದು ಕಲ್ಲು ಇಟ್ಟ.

"ನಾನು ಇಲ್ಲಿ ನಿಂತಿದ್ದೆ. ಎಲ್ಲಿ ನಿಂತಿರಬೇಕಿತ್ತು, ಹೇಳ್ರಿ."

ನಾನೂ ಕೂತೆ. ಕಲ್ಲನ್ನು ಮುಂದೆ ಸರಿಸಿದೆ. ಮುಂದೆ ಸರಿಸಿದರೆ ತಲೆಯ ಮೇಲಿನಿಂದ ಹೋಗುತ್ತದೆ. ಎಡಕ್ಕಿಟ್ಟೆ, ಬಲಗಡೆ ಬಯಲಾಯಿತು. ಬಲಕ್ಕಿಟ್ಟೆ. ಅವನು ನನ್ನ ಬೆರಳನ್ನೇ ನೋಡುತ್ತಿದ್ದ. ಎಷ್ಟು ಸರಿಸಿದರೂ ಕೊನೆಗೆ ಕಲ್ಲನ್ನು ಅವನಿಟ್ಟ ಜಾಗಕ್ಕೇ ತಂದಿಟ್ಟೆ.

"ಅಲ್ಲೇ," ಎಂದೆ.

"ಅಲ್ಲೇ ಅಂತೀರಾ?"

"ಅಲ್ಲೇ. ನೀನು ನಿಂತದ್ದು ಸರಿಯಾದ ಜಾಗ."

"ಹಂಗಾದ್ರೆ ಸರಿ," ಎಂದು ಎದ್ದ. ಮಗಳ ಕಡೆ ತಿರುಗಿ, "ಹೋಗಾಣ ಬಾರವ್ವ," ಎಂದ.

ಅವರು ಬಲನಾಲೆಯ ಏರಿಯ ಮೇಲೆ ನಡೆದುಹೋದರು. ಆ ಹುಡುಗಿ ಮಾತ್ರ ಮತ್ತೆ ಮತ್ತೆ ಹಿಂತಿರುಗಿ ಶಾಲೆಯ ಕಡೆ ನೋಡುತ್ತಿದ್ದಳು. ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ನಾನು ಹೋಗಿ ಗೇಜು ಓದಿದೆ. ನೀರು ನಿನ್ನೆ ಇದ್ದಲ್ಲೇ ಇತ್ತು.